ಸಾಕಿದವನ ಋಣ

ಪ್ರಾಣಿಗಳನ್ನು ಸಾಕುವುದು ದಯೆಯ ಕಾರ್ಯವೆಂದು ಲೋಕದಲ್ಲಿ ರೂಢಿಯಾಗಿರುವುದು. ಹಸುವಿಗೆ ಹುಲ್ಲು ಹಾಕುವವನನ್ನೂ, ನಾಯಿಗೆ ಅನ್ನವಿಡುವವನನ್ನೂ, ಗಾಜಿನ ತೊಟ್ಟಿಯಲ್ಲಿ ಆಮೆಯ ಮರಿಯೊಂದನ್ನಿರಿಸಿ ಅದಕ್ಕೆ ದಿನಕ್ಕೆರಡಾವೃತ್ತಿ ಆಹಾರವನ್ನುದುರಿಸುವವನನ್ನೂ ಜನರು ಒಂದೇ ಮಾತಿನಿಂದ ಹೊಗಳುವರು. ಆದರೆ ದಾನವೆಂಬುದು ಒಂದು, ಋಣವೆಂಬುದು ಇನ್ನೊಂದು. ಕೊಡುವವನ ಕೈಯಲ್ಲಿರುವ ವಸ್ತುವು ಪಡೆಯುವವನಿಂದಲೇ ಮೊದಲು ಕಿತ್ತುಕೊಂಡದ್ದಾಗಿದ್ದರೆ, ಅದನ್ನು ಮರಳಿ ಕೊಡುವುದು ದಾನವೆನಿಸಲಾರದು. ಅದು ಸಾಲದ ತೀರುವೆ. ಈ ಭೇದವು ಮಾತಿನ ಚಮತ್ಕಾರವಲ್ಲವೆಂಬುದನ್ನೂ, ಇದರಿಂದ ನಡತೆಯಲ್ಲಿ ಎಷ್ಟೋ ವ್ಯತ್ಯಾಸವುಂಟಾಗುವುದೆಂಬುದನ್ನೂ ತೋರಿಸುವುದಕ್ಕೆ, ಮನೆಯಲ್ಲಿ ಸಾಕಲ್ಪಡುವ ಸರೀಸೃಪಗಳಿಗೆ ಕೊಡುವ ಜೀವಸತ್ತ್ವ ಮತ್ತು ಖನಿಜಗಳ ಪುಡಿಗಳಿಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟವನ್ನು ಬೆಳಗಿನ ಹೊತ್ತಿನಲ್ಲಿ ಏರಿದವರಿಗೆ ಒಂದು ನೋಟವು ಪರಿಚಿತವಾದುದು. ರೇಣುಕಾಂಬೆಯ ಗುಹಾಲಯಕ್ಕೆ ಹೋಗುವ ದಾರಿಯ ಬಂಡೆಗಳ ಮೇಲೆ ಓತಿಯು ತಲೆಯೆತ್ತಿ, ಮೈಯನ್ನು ಅಗಲಿಸಿಕೊಂಡು, ಬಿಸಿಲಿಗೆ ಒಡ್ಡಿಕೊಂಡಿರುವುದು. ಮೈ ಸಾಕಷ್ಟು ಕಾಯ್ದ ಮೇಲೆ ಅದು ನೆರಳಿಗೆ ಸರಿಯುವುದು. ತಣಿದ ಮೇಲೆ ಮರಳಿ ಬರುವುದು. ನೋಡುವವರಿಗೆ ಇದು ಸೋಮಾರಿತನದಂತೆ ಕಾಣಬಹುದು. ನಿಜವಾಗಿ ಆ ಬಂಡೆಯೇ ಅದರ ಅಡುಗೆಯ ಮನೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುವುವು. ಅವುಗಳಲ್ಲಿ ಸುಮಾರು ೨೯೦ರಿಂದ ೩೧೫ ನ್ಯಾನೋಮೀಟರುಗಳ ಅಲೆಯುದ್ದವುಳ್ಳವು ಚರ್ಮವನ್ನು ಹೊಕ್ಕು ಅಲ್ಲಿರುವ ಒಂದು ಬಗೆಯ ಕೊಬ್ಬಿನಂತಹ ಪದಾರ್ಥವನ್ನು ಮಾರ್ಪಡಿಸುವುವು. ಆ ಮಾರ್ಪಟ್ಟ ವಸ್ತುವು ದೇಹದ ಶಾಖದಿಂದ ಡಿ೩ ಎಂಬ ಜೀವಸತ್ತ್ವವಾಗುವುದು. ಮುಂದೆ ಯಕೃತ್ತಿನಲ್ಲಿಯೂ ಮೂತ್ರಪಿಂಡದಲ್ಲಿಯೂ ಅದು ಪಕ್ವವಾಗಿ, ಕರುಳಿನಲ್ಲಿರುವ ಆಹಾರದಿಂದ ಸುಣ್ಣಾಂಶವನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ಹೀರಿ ಎಲುಬಿಗೆ ಸೇರಿಸುವ ಕಾರ್ಯವನ್ನು ನಡೆಯಿಸುವುದು. ಈ ಜೀವಸತ್ತ್ವವಿಲ್ಲದೆ ಎಷ್ಟು ಸುಣ್ಣಾಂಶವನ್ನು ತಿಂದರೂ ಅದರ ಬಹುಭಾಗವು ದೇಹಕ್ಕೆ ಹತ್ತದೆ ವ್ಯರ್ಥವಾಗುವುದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಸಿಲಿನಲ್ಲಿ ಹೆಚ್ಚು ಹೊತ್ತು ಕುಳಿತ ಪ್ರಾಣಿಗೆ ಡಿ ಜೀವಸತ್ತ್ವವು ವಿಷವಾಗುವಷ್ಟು ಸೇರುವುದಿಲ್ಲ. ಏಕೆಂದರೆ ಅಗತ್ಯಕ್ಕಿಂತ ಹೆಚ್ಚಾಗಿ ಹುಟ್ಟಿದುದನ್ನು ಅದೇ ಬೆಳಕು ಚರ್ಮದಲ್ಲಿಯೇ ನಿರುಪದ್ರವಿಯಾದ ಬೇರೆ ಪದಾರ್ಥಗಳನ್ನಾಗಿ ಮಾಡಿಬಿಡುವುದು. ಸೂರ್ಯನು ಕೊಡುವಾಗಲೇ ಮಿತಿಯನ್ನೂ ಕೊಡುವನು. ಬಾಯಿಂದ ತಿನ್ನಿಸಿದ ಡಿ ಜೀವಸತ್ತ್ವಕ್ಕೆ ಇಂತಹ ತಡೆಯಿಲ್ಲ. ಈ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಣ ವಿಚಾರಕ್ಕೆಲ್ಲ ಇದೇ ಆಧಾರ.

ಈಗ ಆ ಬಂಡೆಯ ಬದಲು ಗಾಜಿನ ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಬಹುದು. ಪಟ್ಟಣಗಳ ಅಂಗಡಿಗಳಲ್ಲಿ ಉತ್ತರ ಅಮೆರಿಕದ ಕೆಂಪುಕಿವಿಯ ಆಮೆಯ ಮರಿಗಳು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವಾಗಿರುವಾಗಲೇ ಮಾರಾಟವಾಗುವುವು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗ್ವಾನವೂ, ಆಫ್ರಿಕದ ಚಿಕ್ಕ ಹೆಬ್ಬಾವೂ ಕೆಲವು ಮನೆಗಳನ್ನು ಸೇರಿವೆ. ಮಲೆನಾಡಿನ ಮನೆಗೂ ಓದಲು ಹೋದ ಮಗನೋ ನೆಂಟನೋ ಇಂತಹದೊಂದನ್ನು ತಂದುಕೊಡುವುದು ಅಸಂಭವವಲ್ಲ. ಮನೆಯವರು ಅದನ್ನು ಕಿಟಕಿಯ ಬಳಿಯಲ್ಲಿಟ್ಟು, ಬೆಳಕು ಬೀಳುತ್ತಿದೆಯಷ್ಟೆ ಎಂದು ಸಮಾಧಾನಪಡುವರು. ಆದರೆ ಕಿಟಕಿಯ ಗಾಜು ಕಣ್ಣಿಗೆ ಬೇಕಾದ ಬೆಳಕನ್ನು ಬಿಟ್ಟು, ಎಲುಬಿಗೆ ಬೇಕಾದ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದು. ಹೀಗೆ ಪ್ರಾಣಿಯು ಬೆಳಕಿನಲ್ಲಿದ್ದೂ ಕತ್ತಲೆಯಲ್ಲಿರುವುದು. ಕೆಲವು ತಿಂಗಳುಗಳಲ್ಲಿ ಆಮೆಯ ಚಿಪ್ಪು ಮೆತ್ತಗಾಗುವುದು, ಇಗ್ವಾನದ ದವಡೆಯು ಬೆರಳಿಗೆ ಬಾಗುವಷ್ಟು ಮೃದುವಾಗುವುದು, ಕಾಲೆಲುಬುಗಳು ಡೊಂಕಾಗುವುವು, ಕಡೆಗೆ ಮೈ ನಡುಗಿ ಸಾವು ಬರುವುದೂ ಉಂಟು. ಪಶುವೈದ್ಯರು ಇದನ್ನು ಎಲುಬಿನ ಚಯಾಪಚಯ ರೋಗವೆನ್ನುವರು. ಸೆರೆಯ ಸರೀಸೃಪಗಳಲ್ಲಿ ಇದು ಅತಿ ಸಾಮಾನ್ಯವಾದ ರೋಗಗಳಲ್ಲೊಂದು.

ಮನುಷ್ಯನು ಈ ಪಾಠವನ್ನು ಮೊದಲು ಕಲಿತದ್ದು ತನ್ನ ಮಕ್ಕಳಿಂದಲೇ. ಯುರೋಪಿನ ಹೊಗೆ ಮುಸುಕಿದ ಕೈಗಾರಿಕಾ ನಗರಗಳಲ್ಲಿ ಬಿಸಿಲು ಕಾಣದ ಬಡ ಮಕ್ಕಳ ಕಾಲುಗಳು ಬಾಗಿ ಹೋಗುತ್ತಿದ್ದುವು. ೧೯೧೯ರಲ್ಲಿ ಜರ್ಮನಿಯ ವೈದ್ಯನಾದ ಹುಲ್ಡ್‌ಶಿನ್ಸ್ಕಿಯು ನೇರಳಾತೀತ ದೀಪದ ಬೆಳಕಿನಿಂದ ಆ ರೋಗವನ್ನು ಗುಣಪಡಿಸಿ ತೋರಿಸಿದನು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮೆಲನ್‌ಬಿಯು ನಾಯಿಮರಿಗಳಿಗೆ ಮೀನೆಣ್ಣೆಯನ್ನು ಕೊಟ್ಟು ಅದೇ ಫಲವನ್ನು ಕಂಡನು. ೧೯೨೨ರಲ್ಲಿ ಅಮೆರಿಕದ ಮೆಕಾಲಮ್ಮನು ಮೀನೆಣ್ಣೆಯೊಳಗಣ ಆ ತತ್ತ್ವಕ್ಕೆ ಡಿ ಎಂಬ ಅಕ್ಷರವನ್ನಿತ್ತನು. ಬೆಳಕಿನಿಂದಲೂ ಎಣ್ಣೆಯಿಂದಲೂ ಒಂದೇ ರೋಗವು ಹೋಗುವುದೆಂಬುದು ಆಗ ಎಲ್ಲರಿಗೂ ಬೆರಗಾಗಿ ಕಂಡಿತು. ಅದರ ಅರ್ಥವಾದರೋ ಸರಳವಾದುದು: ಕೆಲವು ಜೀವಿಗಳಿಗೆ ಬಿಸಿಲು ಬರಿಯ ಸುಖವಲ್ಲ, ಅನ್ನವೇ ಆಗಿರುವುದು.

ಬಿಸಿಲೂ ಅನ್ನವೆಂದು ಒಪ್ಪಿದೊಡನೆ ಧರ್ಮದ ಪ್ರಶ್ನೆಯು ಬೇರೊಂದು ರೂಪವನ್ನು ತಾಳುವುದು. ಚಂದ್ರಗುತ್ತಿಗೆ ಸಮೀಪದಲ್ಲಿರುವ ಬನವಾಸಿಯು ಕದಂಬರ ರಾಜಧಾನಿಯಾಗಿದ್ದಿತು. ಆ ಅರಸರು ಜೈನಧರ್ಮಕ್ಕೂ ದತ್ತಿಗಳನ್ನು ಬಿಟ್ಟವರು. ಆ ಧರ್ಮದವರು ಪ್ರಮಾಣವೆಂದು ಮನ್ನಿಸುವ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾವ್ರತವನ್ನು ಕೈಕೊಂಡ ಗೃಹಸ್ಥನು ದೂರವಿಡಬೇಕಾದ ಐದು ದೋಷಗಳ ಎಣಿಕೆಯಿದೆ: ಜೀವಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಹೊರೆಯನ್ನು ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಹೊಡೆಯುವುದನ್ನೂ ಕತ್ತರಿಸುವುದನ್ನೂ ಸಭ್ಯರು ಸಹಜವಾಗಿಯೇ ಬಿಡುವರು. ಆದರೆ ಮೊದಲನೆಯ ದೋಷವೂ ಕೊನೆಯ ದೋಷವೂ ಗಾಜಿನ ಪೆಟ್ಟಿಗೆಯಲ್ಲಿ ಒಂದಾಗಿ ಸೇರುವುದನ್ನು ನೋಡಬೇಕು. ಓತಿಯನ್ನು ಕಟ್ಟಿಹಾಕಿದವನು ಅದರ ಬಟ್ಟಲಿನಲ್ಲಿ ಹುಳುಗಳನ್ನು ತುಂಬಿಟ್ಟಿದ್ದರೂ, ಬಿಸಿಲನ್ನು ಮರೆಮಾಡಿದ ಮಾತ್ರದಿಂದ ಅದರ ಅನ್ನವನ್ನು ತಡೆದಂತೆಯೇ ಆಯಿತು. ಸೂತ್ರಕಾರನಿಗೆ ಜೀವಸತ್ತ್ವದ ಹೆಸರು ತಿಳಿದಿರಲಿಲ್ಲ. ಆದರೆ ಕಟ್ಟುವುದನ್ನೂ ಉಣಿಸದಿರುವುದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದುದರಲ್ಲಿ ದೂರದೃಷ್ಟಿಯಿದೆ.

ಆದುದರಿಂದ ಪುಡಿಯ ಡಬ್ಬಿಯನ್ನು ತಂದವನು ತಾನು ಪ್ರಾಣಿಗೆ ಉಪಕಾರ ಮಾಡುತ್ತಿರುವೆನೆಂದು ಭಾವಿಸಲಾಗದು. ತಾನು ಕಸಿದುಕೊಂಡ ಬಿಸಿಲನ್ನೂ, ಕಾಡಿನ ನೂರು ಬಗೆಯ ಮೇವನ್ನೂ ಬೇರೊಂದು ರೂಪದಿಂದ ಹಿಂದಿರುಗಿಸುತ್ತಿರುವನು. ಇಲ್ಲಿಂದ ಮೊದಲನೆಯ ನಿಯಮವು ಹುಟ್ಟುವುದು: ಸಾಲಗಾರನು ತಾನು ಏನನ್ನು ಪಡೆದಿರುವೆನೆಂಬುದನ್ನು ಸರಿಯಾಗಿ ತಿಳಿದಿರಬೇಕು. ದಾನಿಯು ತನಗೆ ತೋಚಿದುದನ್ನು ಕೊಡಬಹುದು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಹಾಗಾದರೆ ಯಾವ ಪುಡಿಯು ಯಾವ ಸಾಲಕ್ಕೆ ಸಲ್ಲುವುದೆಂಬುದನ್ನು ಹೋಲಿಸಿ ನೋಡುವುದು ಅಂಗಡಿಯ ವಿಚಾರವಾಗದೆ ಕರ್ತವ್ಯದ ವಿಚಾರವೇ ಆಗುವುದು.

ಈ ಪುಡಿಗಳು ಸ್ಥೂಲವಾಗಿ ನಾಲ್ಕು ಬಗೆ. ಮೊದಲನೆಯದು ಬರಿಯ ಸುಣ್ಣಾಂಶದ ಪುಡಿ. ಸಾಮಾನ್ಯವಾಗಿ ಇದು ಕ್ಯಾಲ್ಸಿಯಂ ಕಾರ್ಬೊನೇಟು. ಸುಣ್ಣಕಲ್ಲು, ಸಿಂಪಿ, ಮೊಟ್ಟೆಯ ಓಡು, ಸಮುದ್ರದ ನೊರೆಯೆಂದು ಕರೆಯಲ್ಪಡುವ ಕಡಲಪ್ರಾಣಿಯ ಒಳಚಿಪ್ಪು, ಇವೆಲ್ಲವೂ ಬಹುಪಾಲು ಅದೇ ವಸ್ತು. ಅದರ ನೂರು ಭಾಗಗಳಲ್ಲಿ ೪೦ ಭಾಗ ಶುದ್ಧ ಕ್ಯಾಲ್ಸಿಯಂ. ಸಿಟ್ರೇಟಿನಲ್ಲಿ ೨೧, ಲ್ಯಾಕ್ಟೇಟಿನಲ್ಲಿ ೧೩, ಗ್ಲೂಕೊನೇಟಿನಲ್ಲಿ ಸುಮಾರು ೯ ಭಾಗ ಮಾತ್ರ. ಆದುದರಿಂದ ಒಂದು ಚಮಚೆಯು ಇನ್ನೊಂದು ಚಮಚೆಗೆ ಸಮನಲ್ಲ. ಡಬ್ಬಿಯ ಹೊರಗಣ ಚಿತ್ರಕ್ಕಿಂತ ಹಿಂಬದಿಯ ಸಣ್ಣ ಅಕ್ಷರಗಳು ಹೆಚ್ಚು ಸತ್ಯವನ್ನು ಹೇಳುವುವು. ಎಲೆಯಡಿಕೆ ಹಾಕುವ ಮಲೆನಾಡಿನ ಮನೆಗಳಲ್ಲಿ ಸುಣ್ಣದ ಕಾಯಿ ಸದಾ ಕೈಗೆಟುಕುವಂತಿರುವುದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕಾಗಿದೆ. ತಿನ್ನುವ ಸುಣ್ಣವು ಸುಟ್ಟು ನೀರೂಡಿಸಿದ ತೀಕ್ಷ್ಣ ಕ್ಷಾರ. ಅದು ಪ್ರಾಣಿಯ ಬಾಯನ್ನೂ ಅನ್ನನಾಳವನ್ನೂ ಸುಡುವುದು. ಸುಡದ ಸುಣ್ಣಕಲ್ಲಿಗೂ ಅದಕ್ಕೂ ಹುಟ್ಟು ಒಂದೇ ಆದರೂ ಗುಣ ಒಂದಲ್ಲ.

ಎರಡನೆಯದು ಸುಣ್ಣಾಂಶದೊಡನೆ ರಂಜಕವೂ ಕೂಡಿದ ಪುಡಿ. ಎಲುಬಿನ ಹಿಟ್ಟು, ಡೈಕ್ಯಾಲ್ಸಿಯಂ ಫಾಸ್ಫೇಟು ಮುಂತಾದುವು ಈ ಜಾತಿಗೆ ಸೇರಿದುವು. ಎಲುಬಿನಲ್ಲಿ ಎರಡೂ ಇರುವುದರಿಂದ ಎರಡನ್ನೂ ಕೊಡುವುದು ಮೇಲೆಂದು ತೋರಬಹುದು. ಆದರೆ ಸೆರೆಯ ಪ್ರಾಣಿಯ ಆಹಾರದಲ್ಲಿ ಕೊರತೆಯಿರುವುದು ಸುಣ್ಣಾಂಶಕ್ಕೇ ಹೊರತು ರಂಜಕಕ್ಕಲ್ಲ. ಮಿಡತೆ, ಚಿಮ್ಮಂಡೆ, ಹಿಟ್ಟಿನ ಹುಳು ಇವುಗಳಲ್ಲಿ ರಂಜಕವು ಸುಣ್ಣಾಂಶಕ್ಕಿಂತ ಹಲವು ಪಾಲು ಹೆಚ್ಚು. ಎಲುಬಿಲ್ಲದ ಮಾಂಸದಲ್ಲಿಯೂ ಹಾಗೆಯೇ. ಒಟ್ಟು ಆಹಾರದಲ್ಲಿ ರಂಜಕದ ಒಂದು ಪಾಲಿಗೆ ಸುಣ್ಣಾಂಶವು ಒಂದಕ್ಕಿಂತ ಹೆಚ್ಚಾಗಿಯೂ, ಸುಮಾರು ಎರಡು ಪಾಲಿನವರೆಗೂ ಇರಬೇಕೆಂಬುದು ತಜ್ಞರ ಮತ. ಇದು ತಲೆಕೆಳಗಾದರೆ ರಕ್ತವು ತನ್ನ ಸಮತೂಕವನ್ನು ಕಾಯ್ದುಕೊಳ್ಳುವುದಕ್ಕಾಗಿ ಎಲುಬಿನಿಂದಲೇ ಸುಣ್ಣಾಂಶವನ್ನು ಕೀಳುವುದು. ಹುಳು ತಿನ್ನುವ ಪ್ರಾಣಿಗೆ ರಂಜಕದ ಪುಡಿಯನ್ನು ಕೊಡುವುದೆಂದರೆ ನೀರಿಲ್ಲದೆ ಬಾಯಾರಿದವನಿಗೆ ಉಪ್ಪನ್ನು ಬಡಿಸಿದಂತೆ.

ಮೂರನೆಯದು ಸುಣ್ಣಾಂಶದೊಡನೆ ಡಿ೩ ಸೇರಿದ ಪುಡಿ. ಬಿಸಿಲೂ ತಕ್ಕ ದೀಪವೂ ಇಲ್ಲದ ಪ್ರಾಣಿಗೆ ಇದು ಬೇಕಾಗುವುದು. ಸಸ್ಯಮೂಲದ ಡಿ೨ ಸರೀಸೃಪಗಳಿಗೆ ಅಷ್ಟಾಗಿ ಸಲ್ಲದೆಂದು ತಜ್ಞರು ಡಿ೩ನ್ನೇ ಆರಿಸುವರು. ನಾಲ್ಕನೆಯದು ಹಲವು ಜೀವಸತ್ತ್ವಗಳ ಮಿಶ್ರಣ. ಇದರಲ್ಲಿ ಮುಖ್ಯವಾಗಿ ನೋಡಬೇಕಾದುದು ಎ ಜೀವಸತ್ತ್ವ. ಬರಿಯ ಮಾಂಸದ ತುಂಡುಗಳಿಂದಲೋ ಒಣಸೀಗಡಿಯಿಂದಲೋ ಬೆಳೆದ ನೀರಾಮೆಗೆ ಇದರ ಕೊರತೆಯುಂಟಾಗಿ, ಕಣ್ಣಿನ ರೆಪ್ಪೆಗಳು ಊದಿಕೊಂಡು, ಕಣ್ಣು ಕಾಣದೆ, ಅದು ಆಹಾರವನ್ನೇ ಮುಟ್ಟದಂತಾಗುವುದು. ಹಾಗೆಂದು ಕಣ್ಣೂದಿದೊಡನೆ ಎ ಜೀವಸತ್ತ್ವವನ್ನು ಧಾರಾಳವಾಗಿ ಚುಚ್ಚಿಸಿದರೆ ಚರ್ಮವೇ ಸುಲಿದು ಬೀಳುವುದುಂಟು. ಕೊರತೆಯೂ ರೋಗ, ಅತಿರೇಕವೂ ರೋಗ. ಎ ಮತ್ತು ಡಿ ಎರಡೂ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ಉಳಿಯುವುವಾದುದರಿಂದ, ಬಿ ಮತ್ತು ಸಿ ಜೀವಸತ್ತ್ವಗಳ ಹೆಚ್ಚಳದಂತೆ ಮೂತ್ರದಲ್ಲಿ ಹೊರಟುಹೋಗುವುದಿಲ್ಲ.

ಇವುಗಳಲ್ಲಿ ಯಾವುದು ಉತ್ತಮವೆಂದು ಕೇಳಿದರೆ, ಯಾರಿಗೆ ಎಂಬ ಮರುಪ್ರಶ್ನೆಯೇ ಉತ್ತರ. ಇಲಿಯನ್ನು ಇಡಿಯಾಗಿ ನುಂಗುವ ಹಾವಿಗೆ ಎಲುಬಿನಿಂದ ಸುಣ್ಣಾಂಶವೂ ಯಕೃತ್ತಿನಿಂದ ಜೀವಸತ್ತ್ವಗಳೂ ದೊರೆಯುವುದರಿಂದ ಅದಕ್ಕೆ ಸಾಧಾರಣವಾಗಿ ಯಾವ ಪುಡಿಯೂ ಬೇಡ. ಹುಳು ತಿನ್ನುವ ಹಲ್ಲಿಜಾತಿಗೆ ಬರಿಯ ಸುಣ್ಣಾಂಶವನ್ನು ಹುಳುಗಳ ಮೈಗೆ ಸವರಿ ಆಗಾಗ್ಗೆ ಕೊಡಬೇಕು. ಡಿ೩ ಮತ್ತು ಮಿಶ್ರಣವನ್ನು ವಿರಳವಾಗಿ ಕೊಡಬೇಕು. ಆ ಹುಳುಗಳಿಗೂ ಮೊದಲು ಒಳ್ಳೆಯ ಮೇವನ್ನು ತಿನ್ನಿಸಿರಬೇಕು. ಸೊಪ್ಪು ತಿನ್ನುವ ಇಗ್ವಾನಕ್ಕೆ ಬಿಸಿಲು ಅಥವಾ ನೇರಳಾತೀತ ದೀಪವೇ ಮುಖ್ಯ. ತಿನ್ನಿಸಿದ ಡಿ೩ ಅದಕ್ಕೆ ಬೆಳಕಿನಷ್ಟು ಹತ್ತುವುದಿಲ್ಲ. ಪಾಲಕ್ಕಿನಂತಹ ಸೊಪ್ಪಿನಲ್ಲಿ ಸುಣ್ಣಾಂಶವಿದ್ದರೂ ಅದರಲ್ಲಿರುವ ಆಕ್ಸಲೇಟು ಅದನ್ನು ಕಟ್ಟಿಹಾಕುವುದು; ದಾಸವಾಳದ ಎಲೆ, ನುಗ್ಗೆಯ ಸೊಪ್ಪು ಮೇಲು. ನೀರಾಮೆಗೆ ಇಡಿಯ ಸಣ್ಣ ಮೀನೂ ಬಸವನಹುಳುವೂ ಡಬ್ಬಿಗಿಂತ ಉತ್ತಮ; ಆದರೆ ಹೆಪ್ಪುಗಟ್ಟಿಸಿಟ್ಟ ಕೆಲವು ಜಾತಿಯ ಮೀನುಗಳನ್ನೇ ಸದಾ ಕೊಟ್ಟರೆ ಅವುಗಳೊಳಗಣ ಒಂದು ಕಿಣ್ವವು ಬಿ೧ ಜೀವಸತ್ತ್ವವನ್ನು ಕೆಡಿಸುವುದು. ಪ್ರಕೃತಿಯ ಆಹಾರಕ್ಕೆ ಹತ್ತಿರವಾದಷ್ಟೂ ಡಬ್ಬಿಯ ಅಗತ್ಯವು ಕಡಿಮೆಯಾಗುವುದೆಂಬುದೇ ಈ ಹೋಲಿಕೆಯ ಸಾರ.

ದೀಪದ ವಿಷಯದಲ್ಲಿಯೂ ಒಂದು ಮಾತು. ನೇರಳಾತೀತ ದೀಪವು ಕಾಲ ಕಳೆದಂತೆ ಕಣ್ಣಿಗೆ ಮೊದಲಿನಂತೆಯೇ ಬೆಳಗುತ್ತಿದ್ದರೂ, ಅದರ ಉಪಯುಕ್ತ ಕಿರಣಗಳು ಕ್ಷೀಣಿಸುವುವು. ಆದುದರಿಂದ ಅದನ್ನು ಆರು ತಿಂಗಳಿಗೋ ವರ್ಷಕ್ಕೋ ಬದಲಾಯಿಸಬೇಕು. ತೆರೆದ ಪುಡಿಯೂ ಹಾಗೆಯೇ: ಗಾಳಿ, ಶಾಖ, ತೇವಗಳಿಂದ ಜೀವಸತ್ತ್ವಗಳು ಕೆಡುವುವು. ಆಷಾಢ ಶ್ರಾವಣಗಳಲ್ಲಿ ಉಪ್ಪೇ ನೀರಾಗುವ ಮಲೆನಾಡಿನಲ್ಲಿ ಕಳೆದ ವರ್ಷದ ಡಬ್ಬಿಯನ್ನು ನಂಬುವುದು ಸಲ್ಲದು. ಬಣ್ಣವೂ ವಾಸನೆಯೂ ಬದಲಾಗದೆ ಗುಣ ಮಾತ್ರ ಹೋಗಿರುವುದು. ಸವೆದ ನಾಣ್ಯದಿಂದ ಸಾಲ ತೀರಿಸಿದವನಂತೆ ಸಾಕುವವನು ತಾನು ನಿಶ್ಚಿಂತನಾಗಿರುವನು. ನಷ್ಟವನ್ನು ಮೂಕಪ್ರಾಣಿಯು ಭರಿಸುವುದು.

ಎರಡನೆಯ ನಿಯಮವು ಮಿತಿಯದು. ದಾನದಲ್ಲಿ ಔದಾರ್ಯವು ಗುಣ. ಋಣದಲ್ಲಿ ಅದಕ್ಕೆ ಎಡೆಯಿಲ್ಲ. ಭಾರತದಲ್ಲಿ ಡಿ೩ ಕೊರತೆಯ ವಯಸ್ಕರಿಗೆ ವೈದ್ಯರು ವಾರಕ್ಕೊಂದರಂತೆ ೬೦,೦೦೦ ಮಾನಗಳ ಗುಳಿಗೆಯನ್ನೋ ಪುಡಿಯನ್ನೋ ಬರೆದುಕೊಡುವುದು ಸಾಮಾನ್ಯ. ಆ ಪೊಟ್ಟಣವು ಮನೆಯಲ್ಲಿರುವುದನ್ನು ಕಂಡು, ಮೆತ್ತಗಾದ ಚಿಪ್ಪಿನ ಆಮೆಗೂ ಚಿಟಿಕೆಯಷ್ಟು ಹಾಕೋಣವೆಂದು ಯಾರಿಗಾದರೂ ತೋಚಬಹುದು. ೬೦ ಕಿಲೋಗ್ರಾಂ ತೂಕದ ಮನುಷ್ಯನಿಗೂ ೬೦ ಗ್ರಾಂ ತೂಕದ ಆಮೆಮರಿಗೂ ಸಾವಿರಪಟ್ಟು ಅಂತರ. ತೂಕದ ಲೆಕ್ಕದಿಂದಲೇ ನೋಡಿದರೂ ಮನುಷ್ಯನ ಆ ಪೊಟ್ಟಣವು ಮರಿಯ ಪಾಲಿಗೆ ೬೦ ಮಾನಗಳಾಗುವುದು. ಚಿಟಿಕೆಯ ಅಳತೆಯಲ್ಲಿ ಸಾವಿರದಲ್ಲೊಂದು ಭಾಗವನ್ನು ಯಾವ ಕೈಯೂ ಎಣಿಸಲಾರದು. ಅತಿಯಾದ ಡಿ೩ ಸುಣ್ಣಾಂಶವನ್ನು ಎಲುಬಿನಲ್ಲಿಡದೆ ಮೂತ್ರಪಿಂಡದಲ್ಲಿಯೂ ರಕ್ತನಾಳಗಳಲ್ಲಿಯೂ ಗಟ್ಟಿಗೊಳಿಸುವುದು. ಎಲುಬು ಕಲ್ಲಾಗಬೇಕೆಂದು ಬಯಸಿದವನು ಹೃದಯವನ್ನು ಕಲ್ಲುಮಾಡಿದಂತಾಗುವುದು.

ಇಂತಹ ಔದಾರ್ಯದ ಕೇಡು ಕನ್ನಡ ನಾಡಿಗೆ ಹೊಸದಲ್ಲ. ನಾಗರಪಂಚಮಿಯ ದಿನ ಕಲ್ಲಿನ ನಾಗನಿಗೆ ಹಾಲೆರೆಯುವುದರಿಂದ ಕಲ್ಲಿಗೆ ಬಾಧೆಯಿಲ್ಲ. ಆದರೆ ಹಾವಾಡಿಗರು ಜೀವಂತ ನಾಗರವನ್ನು ದಿನಗಟ್ಟಳೆ ನೀರಿಲ್ಲದೆ ಬುಟ್ಟಿಯಲ್ಲಿಟ್ಟು ತಂದಾಗ, ಬಾಯಾರಿಕೆಯಿಂದ ಅದು ಮುಂದಿಟ್ಟ ಹಾಲನ್ನು ಹೀರುತ್ತಿದ್ದಿತು. ಭಕ್ತರು ನಾಗಪ್ಪನು ಪ್ರಸನ್ನನಾದನೆಂದು ಕೈಮುಗಿಯುತ್ತಿದ್ದರು. ಹಾವಿಗೆ ಹಾಲು ಸಹಜವಾದ ಆಹಾರವಲ್ಲ. ಅದನ್ನು ಅರಗಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಅಲ್ಲಿ ಭಕ್ತಿಯು ನಿಜವಾಗಿದ್ದಿತು, ಪ್ರೀತಿಯೂ ನಿಜವಾಗಿದ್ದಿತು. ಇಲ್ಲದ್ದು ಪಡೆಯುವವನ ದೇಹದ ವಿಚಾರವೊಂದೇ. ಹಾಲಿನ ಬಟ್ಟಲಿಗೂ ಬಣ್ಣದ ಡಬ್ಬಿಗೂ ನಡುವೆ ಕಾಲದ ಅಂತರವುಂಟು. ಕೊಡುವವನು ತನ್ನ ಮನಸ್ಸಿನ ತೃಪ್ತಿಯನ್ನೇ ಪ್ರಾಣಿಯ ಕ್ಷೇಮವೆಂದು ಭ್ರಮಿಸಿದರೆ ಬೇರೆ ಅಂತರವಿಲ್ಲ.

ಮೂರನೆಯ ವಿಚಾರವು ಇವೆರಡಕ್ಕಿಂತ ಗಹನವಾದುದು. ತೀರಿಸಲು ಬಾರದ ಸಾಲವೂ ಉಂಟೆ? ಪುಡಿಯು ಸುಣ್ಣಾಂಶವನ್ನು ಕೊಡುವುದು. ಯಾವಾಗ ಬಿಸಿಲಿಗೆ ಬರಬೇಕು, ಯಾವಾಗ ನೆರಳಿಗೆ ಸರಿಯಬೇಕೆಂಬ ಆಯ್ಕೆಯನ್ನು ಕೊಡದು. ನೆಲದ ಆಮೆಗಳ ಚಿಪ್ಪು ಗೋಪುರಗಳಂತೆ ಉಬ್ಬಿ ವಿಕಾರವಾಗುವುದು ಆಹಾರದ ದೋಷದಿಂದಲೇ ಎಂದು ಬಹುಕಾಲ ನಂಬಲಾಗಿದ್ದಿತು. ೨೦೦೩ರಲ್ಲಿ ಪ್ರಕಟವಾದ ಆಸ್ಟ್ರಿಯದ ಸಂಶೋಧನೆಯೊಂದರಲ್ಲಿ, ಆಫ್ರಿಕದ ನೆಲದಾಮೆಯ ಮರಿಗಳಲ್ಲಿ ಆ ಉಬ್ಬಿಗೆ ಆಹಾರದ ಪ್ರೋಟೀನಿಗಿಂತ ಗಾಳಿಯ ಒಣಗುವಿಕೆಯೇ ಹೆಚ್ಚು ಕಾರಣವೆಂದು ಕಂಡುಬಂದಿತು. ಎಂದರೆ ತೇವವನ್ನು ಕಸಿದುಕೊಂಡವನು ಪುಡಿಯಿಂದ ಅದನ್ನು ತೀರಿಸಲಾರನು. ತೇವದ ಸಾಲಕ್ಕೆ ತೇವವೇ ಬೇಕು, ಬಿಸಿಲಿನ ಸಾಲಕ್ಕೆ ಬೆಳಕೇ ಬೇಕು. ಅಲೆದಾಟದ ಸಾಲಕ್ಕಾದರೋ ಗಾಜಿನ ಮನೆಯಲ್ಲಿ ನಾಣ್ಯವೇ ಇಲ್ಲ.

ಇಲ್ಲಿ ಕೆಲವು ಪೂರ್ವಪಕ್ಷಗಳು ಏಳುವುವು. ಹಸು ಎಮ್ಮೆಗಳನ್ನೂ ಕಟ್ಟಿ ಸಾಕುವುದಿಲ್ಲವೆ, ಅದಕ್ಕಿಲ್ಲದ ದೋಷವು ಇದಕ್ಕೇಕೆ ಎಂಬುದು ಮೊದಲನೆಯದು. ಅಲ್ಲಿಯೂ ಋಣವುಂಟು, ಕೊಟ್ಟಿಗೆಯಲ್ಲಿಯೇ ಕಟ್ಟಿಹಾಕಿ ಮೇಯಲು ಬಿಡದವನು ಅದರಿಂದ ಬಿಡುಗಡೆ ಹೊಂದನು. ಆದರೆ ಹಸುವು ಸಹಸ್ರಾರು ವರ್ಷಗಳಿಂದ ಮನುಷ್ಯನ ನೆರೆಯಲ್ಲಿ ಹುಟ್ಟಿ ಬೆಳೆದು, ಅವನ ದನಿಯನ್ನೂ ಕೈಯನ್ನೂ ತನ್ನ ಬಾಳಿನ ಅಂಗವನ್ನಾಗಿ ಮಾಡಿಕೊಂಡಿದೆ. ಹಸಿದರೆ ಅಂಬಾ ಎನ್ನುವುದು, ನೊಂದರೆ ಒದೆಯುವುದು. ಆಮೆಯು ಕೂಗುವುದಿಲ್ಲ. ಅದರ ದುಃಖವು ಎಲುಬು ಬಾಗಿದ ಮೇಲೆಯೇ ಕಾಣುವುದು. ದೂರು ಹೇಳಲಾರದ ಸಾಲಿಗನ ವಿಷಯದಲ್ಲಿ ಸಾಲಗಾರನ ಹೊಣೆಯು ಕಡಿಮೆಯಾಗುವುದಿಲ್ಲ, ಹೆಚ್ಚುವುದು.

ಕಾಡಿನಲ್ಲಿಯೂ ಹಸಿವೂ ಹದ್ದೂ ಇಲ್ಲವೆ, ಮನೆಯಲ್ಲಿ ಅದು ನಿರ್ಭಯವಾಗಿ ಹೆಚ್ಚು ವರ್ಷ ಬಾಳುವುದಲ್ಲವೆ ಎಂಬುದು ಎರಡನೆಯ ಆಕ್ಷೇಪ. ಕಾಡಿನಲ್ಲಿ ಹದ್ದಿನ ಬಾಯಿಗೆ ಬೀಳುವ ಓತಿಯ ಸಾವಿಗೆ ಯಾವ ಮನುಷ್ಯನೂ ಹೊಣೆಗಾರನಲ್ಲ. ಪೆಟ್ಟಿಗೆಯಲ್ಲಿ ದವಡೆ ಬಾಗಿ ಸಾಯುವ ಇಗ್ವಾನದ ಸಾವಿಗೆ ಹೊಣೆಗಾರನು ಎದುರಿಗೇ ಕುಳಿತಿರುವನು. ಧರ್ಮವು ಲೋಕದೊಳಗಣ ದುಃಖವನ್ನೆಲ್ಲ ಒಬ್ಬನ ತಲೆಗೆ ಕಟ್ಟುವುದಿಲ್ಲ. ಅವನು ತನ್ನ ಕೈಯಿಂದ ಮಾಡಿದುದನ್ನು ಮಾತ್ರ ಕೇಳುವುದು. ನಿರ್ಭಯವಾದ ದೀರ್ಘಾಯುಷ್ಯವೂ ಆಹಾರ, ಬೆಳಕು, ತೇವ, ಎಡೆ ಇವೆಲ್ಲವೂ ಸರಿಯಾಗಿದ್ದಾಗ ದೊರೆಯುವ ಫಲ. ಬೇಲಿಯಿಂದ ತಾನೇ ಬರುವ ಫಲವಲ್ಲ.

ಮಕ್ಕಳು ಪ್ರಾಣಿಯನ್ನು ಸಾಕಿದರೆ ದಯಾಗುಣವನ್ನು ಕಲಿಯುವರೆಂಬ ಮೂರನೆಯ ಮಾತು ಇವುಗಳಲ್ಲೆಲ್ಲ ಗೌರವಾರ್ಹವಾದುದು. ಮಗುವು ಕಲಿಯುವುದು ನಿಜ. ಏನನ್ನು ಕಲಿಯುವುದೆಂಬುದು ಹಿರಿಯರನ್ನು ಅವಲಂಬಿಸಿರುವುದು. ಪ್ರಾಣಿಯ ಅಗತ್ಯವನ್ನು ಅರಿತು, ತೂಗಿ, ದಿನ ತಪ್ಪದೆ ನಡೆಸುವ ಮನೆಯಲ್ಲಿ ಅದು ಹೊಣೆಯನ್ನು ಕಲಿಯುವುದು. ಬೇಸರವಾದಾಗ ಅದನ್ನು ಮೂಲೆಗೆ ಸರಿಸುವ ಮನೆಯಲ್ಲಿ, ಬೇಕಾದಾಗ ಪ್ರೀತಿಸಿ ಬೇಡವಾದಾಗ ಮರೆಯಬಹುದೆಂಬ ಪಾಠವನ್ನು ಕಲಿಯುವುದು. ಚಂದ್ರಗುತ್ತಿಯ ಬಂಡೆಯ ಮೇಲಣ ಓತಿಯನ್ನು ದೂರದಿಂದ ಒಂದು ಗಳಿಗೆ ನೋಡುವ ಮಗುವಿಗೆ ದೊರೆಯುವ ಶಿಕ್ಷಣವೂ ಇದಕ್ಕಿಂತ ಕಡಿಮೆಯಾದುದಲ್ಲ. ಅಲ್ಲಿ ಯಾರೂ ಯಾರಿಗೂ ಸಾಲಗಾರರಾಗುವುದಿಲ್ಲ.

ದೇಶದ ಶಾಸನವೂ ಈ ವಿಚಾರದಿಂದ ದೂರವಿಲ್ಲ. ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯು ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನಿಗೂ ಅದರ ಕ್ಷೇಮವನ್ನು ಕಾಯುವ ಕರ್ತವ್ಯವನ್ನು ವಿಧಿಸಿದೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಹಸಿವು, ಅನನುಕೂಲ, ನೋವು, ಭಯಗಳಿಂದ ವಿಮುಕ್ತಿಯನ್ನೂ ಸಹಜವಾದ ನಡವಳಿಕೆಗೆ ಸ್ವಾತಂತ್ರ್ಯವನ್ನೂ ಪ್ರಾಣಿಗಳ ಪಂಚಸ್ವಾತಂತ್ರ್ಯಗಳೆಂದು ಎತ್ತಿ ಹೇಳಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಕ್ಷತ್ರ ಆಮೆ, ಕೆರೆಯ ಮೆತುಚಿಪ್ಪಿನ ಆಮೆ, ಉಡ, ಹೆಬ್ಬಾವು, ನಾಗರ ಮೊದಲಾದ ದೇಶೀಯ ಸರೀಸೃಪಗಳನ್ನು ಹಿಡಿದು ಮನೆಯಲ್ಲಿಡುವುದೇ ಅಪರಾಧ. ಅಂತಹವುಗಳಿಗೆ ಯಾವ ಪುಡಿಯು ಒಳ್ಳೆಯದೆಂಬ ಪ್ರಶ್ನೆಯೇ ಏಳದು. ಇಗ್ವಾನದಂತೆ ಅಂತರರಾಷ್ಟ್ರೀಯ ಒಡಂಬಡಿಕೆಯ ಪಟ್ಟಿಗೆ ಸೇರಿದ ವಿದೇಶೀಯ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕೆಂದು ೨೦೨೪ರ ನಿಯಮಗಳು ವಿಧಿಸಿವೆ.

ನಾಡಿನ ಹಲವೆಡೆಗಳಲ್ಲಿ ನೀರು ಶುದ್ಧವಾಗಿರಲೆಂದು ಬಾವಿಗೆ ಆಮೆಯನ್ನು ಬಿಡುವ ವಾಡಿಕೆಯಿದ್ದಿತು. ಬಿಟ್ಟವರ ಉದ್ದೇಶವು ಕ್ರೂರವಾಗಿರಲಿಲ್ಲ. ಅದಕ್ಕೆ ನೀರಿದೆ, ಹುಳುವಿದೆ, ಶತ್ರುಗಳಿಲ್ಲವೆಂದು ಅವರು ಎಣಿಸಿದರು. ಆದರೆ ಮೈ ಕಾಯಿಸಲು ದಡವಿಲ್ಲದ, ಮೊಟ್ಟೆಯಿಡಲು ಮಣ್ಣಿಲ್ಲದ, ಮೇಲಕ್ಕೆ ನೋಡಿದರೆ ನಾಣ್ಯದಷ್ಟು ಆಕಾಶ ಮಾತ್ರ ಕಾಣುವ ಆ ಬಾಳನ್ನು ಆಮೆಯ ಕಡೆಯಿಂದ ಎಣಿಸಿದವರು ವಿರಳ. ಗಾಜಿನ ತೊಟ್ಟಿಯು ಅಂತಹ ಬಾವಿಯೇ; ಗೋಡೆಗಳು ಪಾರದರ್ಶಕವಾದುವಷ್ಟೆ.

ಈಗಾಗಲೇ ಸಾಕಿದವರು ಏನು ಮಾಡಬೇಕೆಂಬುದು ಉಳಿದ ಪ್ರಶ್ನೆ. ಋಣದ ವಿಚಾರದಿಂದ ಖಿನ್ನರಾಗಿ ಪ್ರಾಣಿಯನ್ನು ಒಯ್ದು ಕೆರೆಗೆ ಬಿಡುವುದು ಮಹಾದೋಷ. ಸೊರಬವು ಕೆರೆಗಳಿಗೆ ಹೆಸರಾದ ಸೀಮೆ. ಕೆಂಪುಕಿವಿಯ ಆಮೆಯು ಲೋಕದ ಅತಿ ಹಾನಿಕರವಾದ ನೂರು ಆಕ್ರಮಣಕಾರಿ ಜೀವಜಾತಿಗಳ ಪಟ್ಟಿಯಲ್ಲಿ ಹೆಸರುಗೊಂಡಿರುವುದು. ಅದು ದೇಶೀಯ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಆಕ್ರಮಿಸುವುದು. ಅದನ್ನು ಕೆರೆಗೆ ಬಿಡುವವನು ತನ್ನ ಸಾಲವನ್ನು ಊರಿನ ಕೆರೆಯ ಹೆಸರಿಗೆ ಬರೆದು ಕೈತೊಳೆದುಕೊಂಡಂತೆ. ಆ ಆಮೆಯು ಅಂಗೈಯಗಲದಲ್ಲಿ ನಿಲ್ಲದೆ ಒಂದಡಿಯ ಹತ್ತಿರದವರೆಗೂ ಬೆಳೆದು, ಇಪ್ಪತ್ತು ಮೂವತ್ತು ವರ್ಷ ಬಾಳಬಲ್ಲುದು. ಕೊಳ್ಳುವವನು ಅಂಗಡಿಯಲ್ಲಿ ಕೊಟ್ಟ ಬೆಲೆಯು ಆ ದೀರ್ಘವಾದ ಸಾಲದ ಮೊದಲ ಕಂತು ಕೂಡ ಅಲ್ಲ.

ಆದುದರಿಂದ ಇಟ್ಟುಕೊಂಡವನು ನಿಲ್ಲಿಸದೆ ತೀರಿಸುತ್ತಿರಬೇಕು. ಗಾಜಿನ ಅಡ್ಡಿಯಿಲ್ಲದ ಎಳೆಬಿಸಿಲನ್ನು, ಪಕ್ಕದಲ್ಲಿ ನೆರಳಿನ ಎಡೆಯೊಡನೆ, ಕಾವಲಿದ್ದು ಕೊಡಬೇಕು. ಮಳೆಗಾಲದಲ್ಲಿ ತಕ್ಕ ದೀಪವನ್ನಿಡಬೇಕು. ಜಾತಿಗೆ ಸಹಜವಾದ ಆಹಾರವನ್ನು ಹೊಂದಿಸಬೇಕು. ಅದರ ಮೇಲೆ ಉಳಿಯುವ ಕೊರತೆಗೆ ಮಾತ್ರ ಪುಡಿಯನ್ನು, ಸಾಧ್ಯವಾದರೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಮಾತಿನಂತೆ, ಅಳೆದು ಕೊಡಬೇಕು. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಅವುಗಳ ಮೈಮೇಲಿರುವ ಸಾಲ್ಮೊನೆಲ್ಲ ರೋಗಾಣುವಿನ ಕಾರಣದಿಂದಲೇ ಅಮೆರಿಕದಲ್ಲಿ ೧೯೭೫ರಿಂದ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಗಿದೆ. ಇಷ್ಟನ್ನು ನಡೆಸಲಾರದವನು ಅರಣ್ಯ ಇಲಾಖೆಯನ್ನೋ, ಬಲ್ಲ ಸಾಕಣೆಗಾರರನ್ನೋ ವಿಚಾರಿಸಿ ಪ್ರಾಣಿಯನ್ನು ತಕ್ಕವರ ವಶಕ್ಕೆ ಒಪ್ಪಿಸುವುದು ಲಜ್ಜೆಯ ಮಾತಲ್ಲ.

ಇನ್ನೂ ಕೊಳ್ಳದವನಿಗಾದರೋ ದಾರಿ ಸುಲಭವಾದುದು. ತೀರಿಸಲಾಗದೆಂದು ಮೊದಲೇ ತಿಳಿದ ಸಾಲವನ್ನು ಮಾಡದಿರುವುದು ಗೃಹಸ್ಥಧರ್ಮದಲ್ಲಿ ಹಳೆಯ ವಿವೇಕ. ಆ ವಿವೇಕವು ಹಣದ ವಿಷಯದಲ್ಲಿ ಸಲ್ಲುವಂತೆಯೇ ಬಿಸಿಲಿನ ವಿಷಯದಲ್ಲಿಯೂ ಸಲ್ಲುವುದು. ಯಾವ ಡಬ್ಬಿಯು ಉತ್ತಮವೆಂದು ಕೇಳುವುದಕ್ಕೆ ಮೊದಲು, ಡಬ್ಬಿಯೇ ಬೇಕಾಗದ ಬಾಳನ್ನು ಆ ಜೀವಿಗೆ ಬಿಟ್ಟುಕೊಡಬಹುದೆ ಎಂದು ಕೇಳಿಕೊಳ್ಳುವುದು ಕೊಳ್ಳುವವನ ಮೊದಲನೆಯ ಕರ್ತವ್ಯ.